ಬಳ್ಳಾರಿ ಕಡತದಲ್ಲಿ ವ್ಯಾಕರಣ

ಸಿರುಗುಪ್ಪ–ಕುರುಗೋಡು ಸೀಮೆಯ ಸಿರಿಗೇರಿಯಂಥ ಊರಿನಲ್ಲಿ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ನೋಡಬೇಕು. ಕೊನೆಯ ಹಾಳೆಗಳಲ್ಲಿ ಸ್ಕೇಲಿಟ್ಟು ನಡುಗೆರೆ ಎಳೆದಿರುತ್ತದೆ. ಎಡಕ್ಕೆ ನೌನ್, ಪ್ರೊನೌನ್, ವರ್ಬ್, ಅಡ್ವರ್ಬ್, ಪ್ರಿಪೊಸಿಷನ್. ಬಲಕ್ಕೆ ನಾಮಪದ, ಸರ್ವನಾಮ, ಕ್ರಿಯಾಪದ, ಕ್ರಿಯಾವಿಶೇಷಣ, ಉಪಸರ್ಗ. ಪಿಯುಸಿಗೆ ಬಂದವರಾದರೆ ಇನ್ನೊಂದು ಪುಟ ಸೇರಿರುತ್ತದೆ: ಸಿಮಿಲಿಗೆ ಉಪಮೆ, ಮೆಟಫರ್‌ಗೆ ರೂಪಕ, ಸಾನೆಟ್‌ಗೆ ಸುನೀತ, ಬ್ಲ್ಯಾಂಕ್ ವರ್ಸ್‌ಗೆ ಸರಳ ರಗಳೆ, ಟ್ರ್ಯಾಜಿಡಿಗೆ ರುದ್ರನಾಟಕ ಅಥವಾ ದುರಂತ ನಾಟಕ. ಪರೀಕ್ಷೆ ಹತ್ತಿರ ಬಂದಾಗ ಜೆರಾಕ್ಸ್ ಅಂಗಡಿಗೆ ಹೋಗುವುದು ಈ ಪುಟಗಳೇ.

ಈ ಎರಡು ಕಾಲಂಗಳು ಬಳ್ಳಾರಿ ಸೀಮೆಗೆ ಯಾವ ದಾರಿಯಲ್ಲಿ ಬಂದವು ಎಂಬುದು ನನ್ನ ಹುಡುಕಾಟದ ವಿಷಯ. ಯಾರನ್ನು ಕೇಳಿದರೂ ಒಂದೇ ಉತ್ತರ: ಇಂಗ್ಲಿಷರು ಬಂದರು, ಶಾಲೆ ತೆರೆದರು, ತಮ್ಮ ವ್ಯಾಕರಣ ತಂದರು, ನಮ್ಮ ಪಂಡಿತರು ಅದಕ್ಕೆ ಕನ್ನಡದ ಹೆಸರಿಟ್ಟರು. ದಾಖಲೆಗಳನ್ನು ಕಾಲಕ್ರಮದಲ್ಲಿ ಜೋಡಿಸಿದರೆ ಕಥೆ ಹೀಗೆ ಸಾಗುವುದಿಲ್ಲ. ಬಲಗಡೆಯ ಕಾಲಂ ಈ ನೆಲದಲ್ಲಿ ಆಗಲೇ ಇತ್ತು. ಊರ ಮಕ್ಕಳ ಕೈಗೆ ಅದು ಸಿಗುತ್ತಿರಲಿಲ್ಲ, ಅಷ್ಟೆ. ಅವರಿಗಿಂತ ಮೊದಲು ಅದನ್ನು ಅಚ್ಚಿನ ಪುಸ್ತಕವಾಗಿ ಕೈಗೆ ಪಡೆದವರು ಇಂಗ್ಲಿಷ್ ಅಧಿಕಾರಿಗಳು ಮತ್ತು ಪಾದ್ರಿಗಳು.

ಕಲೆಕ್ಟರನ ಕಾಗದ

ಹುಡುಕಾಟಕ್ಕೆ ಮೊದಲ ಹಿಡಿ ಸಿಕ್ಕಿದ್ದು ಒಂದು ಸರ್ಕಾರಿ ಪತ್ರದಲ್ಲಿ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೊ ತನ್ನ ಪ್ರಾಂತದ ಎಲ್ಲ ಕಲೆಕ್ಟರುಗಳಿಗೆ ಶಾಲೆಗಳ ಲೆಕ್ಕ ಕೊಡಿ ಎಂದು ಆದೇಶಿಸಿದ. ಮನ್ರೊಗೆ ಬಳ್ಳಾರಿ ಹೊಸದಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿಯ ಆಡಳಿತ ಕಟ್ಟಿದವನೇ ಅವನು. ಅವನ ಆದೇಶಕ್ಕೆ ಬಳ್ಳಾರಿ ಕಲೆಕ್ಟರ್ ಅಲೆಗ್ಸಾಂಡರ್ ಡಂಕನ್ ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಬರೆದ ಉತ್ತರ ಮದರಾಸಿನ ರೆವಿನ್ಯೂ ಬೋರ್ಡಿನ ದಾಖಲೆಗಳಲ್ಲಿ ಸೇರಿಕೊಂಡಿತು. ಒಂದೂವರೆ ಶತಮಾನದ ಮೇಲೆ ಇತಿಹಾಸಕಾರ ಧರ್ಮಪಾಲ್ ಅದನ್ನು ಉಳಿದ ಜಿಲ್ಲೆಗಳ ವರದಿಗಳ ಜೊತೆ ಎತ್ತಿ 1983ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಅದು ಯಾರು ಬೇಕಾದರೂ ಓದಬಹುದಾದ ದಾಖಲೆ.

ಸಿರಿಗೇರಿಯ ಹೆಸರು ಅದರಲ್ಲಿಲ್ಲ. ಅಂಕಿಗಳೆಲ್ಲ ಜಿಲ್ಲೆಯವು, ಆಗಿನ ಜಿಲ್ಲೆಯಾದರೋ ಇವತ್ತಿನ ಬಳ್ಳಾರಿಗಿಂತ ಬಹಳ ದೊಡ್ಡದು, ಅನಂತಪುರವೂ ಅದರೊಳಗೇ ಇತ್ತು. ಜನಸಂಖ್ಯೆ 9,27,857. ಶಾಲೆಗಳು 533. ಮಕ್ಕಳು 6,641, ಅಂದರೆ ಶಾಲೆಗೆ ಹನ್ನೆರಡರ ಸರಾಸರಿ. ಅವರಲ್ಲಿ ಹೆಣ್ಣುಮಕ್ಕಳು ಬರೀ 60. ಭಾಷಾವಾರು ಲೆಕ್ಕ ಇನ್ನೂ ಸ್ವಾರಸ್ಯದ್ದು: ಕನ್ನಡ ಶಾಲೆ 235, ತೆಲುಗು 226, ಮರಾಠಿ 23, ಫಾರಸಿ 21, ತಮಿಳು 4, ಬ್ರಾಹ್ಮಣರಿಗಷ್ಟೇ ಮೀಸಲಾದ ಸಂಸ್ಕೃತ ವಿದ್ಯಾಸ್ಥಾನ 23. ಇಂಗ್ಲಿಷ್ ಕಲಿಸುವ ಶಾಲೆ ಇಡೀ ಜಿಲ್ಲೆಗೆ ಒಂದು.

ಅಂಕಿಗಳಿಗಿಂತ ಮುಂದೆ ಹೋಗಿ ಕ್ಯಾಂಪ್‌ಬೆಲ್ ಶಾಲೆಯ ಒಳಗನ್ನೂ ಬರೆಯುತ್ತಾನೆ. ಬೆಳಗಿನ ಆರಕ್ಕೆ ಶಾಲೆ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ, ಅದು ಮರ್ಯಾದೆ. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗಳೂ ಇಲ್ಲ. ಮೂರನೆಯವನಿಗೆ ಹಗುರವಾಗಿ ಒಂದೇಟು, ನಾಲ್ಕನೆಯವನಿಗೆ ಎರಡು, ತಡವಾದಂತೆಲ್ಲ ಏಟು ಏರುತ್ತ ಹೋಗುತ್ತದೆ. ಬರೆಯುವುದಕ್ಕೆ ಮೊದಲು ಮರಳು, ಆಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ನುಣುಪು ಮಾಡಿ ಅನ್ನ ಮತ್ತು ಇದ್ದಿಲ ಪುಡಿ ಸವರಿದ ಮರದ ಪಟ್ಟಿ. ಕಡತವೆಂದರೆ ಗಂಜಿ ಹಾಕಿ ಗಡುಸು ಮಾಡಿ, ಪುಸ್ತಕದ ಹಾಗೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಬಳಪದಲ್ಲಿ ಬರೆದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಖಾಲಿ. ಮುಂದುವರಿದ ಹುಡುಗರೇ ಹಿಂದಿನವರಿಗೆ ಕಲಿಸುವ ಪದ್ಧತಿಯನ್ನು ಅವನು ಮನಸಾರೆ ಮೆಚ್ಚುತ್ತಾನೆ, ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿದೆ ಎನ್ನುತ್ತಾನೆ.

ನನಗೆ ಬೇಕಿದ್ದದ್ದು ಇದಾದ ಮೇಲೆ ಬರುವ ಪುಸ್ತಕಗಳ ಪಟ್ಟಿ. ಇಂಗ್ಲಿಷ್ ಗುಮಾಸ್ತರ ಕಾಗುಣಿತದಲ್ಲಿ ಸಿಕ್ಕ ಹೆಸರುಗಳನ್ನು ಬಿಡಿಸುವುದೇ ಒಂದು ಕೆಲಸ. ‘ಬುವಪೂರಾಣ’ ಎಂದರೆ ಬಸವಪುರಾಣ. ‘ರಾಘವನ್ ಕುಂಕಾವ್ಯ’ ಎಂದರೆ ರಾಘವಾಂಕ ಕಾವ್ಯ. ‘ಗೀರುಜ ಕುಲ್ಲಾಣ’ ಹರಿಹರನ ಗಿರಿಜಾಕಲ್ಯಾಣ. ಇವು ಲಿಂಗವಂತರ ಮಕ್ಕಳು ಓದುತ್ತಿದ್ದವು. ರಾಮಾಯಣ, ಮಹಾಭಾರತ, ಭಾಗವತ, ಪಂಚತಂತ್ರ ಎಲ್ಲ ಇವೆ. ಕೊನೆಗೆ ಭಾಷೆಯ ತತ್ವ ತಿಳಿಸುವ ಗ್ರಂಥಗಳೆಂದು ನಿಘಂಟು, ಅಮರ, ಆಂಧ್ರದೀಪಿಕಾ, ಆಂಧ್ರನಾಮಸಂಗ್ರಹ ಇತ್ಯಾದಿ ಹೆಸರುಗಳ ನಡುವೆ ಒಂದು ‘ಶುಬ್ದೀಮುನೀ ದುರ್ಪಣ’. ಕೇಶಿರಾಜನ ಶಬ್ದಮಣಿದರ್ಪಣ!

13ನೇ ಶತಮಾನದ ಆ ವ್ಯಾಕರಣ 1823ರಲ್ಲಿ ಬಳ್ಳಾರಿ ಜಿಲ್ಲೆಯ ಶಾಲಾಪುಸ್ತಕಗಳ ಪಟ್ಟಿಯಲ್ಲಿ ಇತ್ತು ಎಂಬುದೇ ಒಂದು ಸುದ್ದಿ. ಆದರೆ ಕಲೆಕ್ಟರನ ಮುಂದಿನ ಮಾತು ಆ ಸಂತೋಷಕ್ಕೆ ತಣ್ಣೀರು ಹೊಯ್ಯುತ್ತದೆ. ನಿಜಕ್ಕೂ ಬೇಕಾದವು ಈ ಪುಸ್ತಕಗಳೇ, ಇವಿಲ್ಲದೆ ಭಾಷೆ ಸರಿಯಾಗಿ ಬರುವುದಿಲ್ಲ. ಆದರೆ ಓಲೆಪ್ರತಿಗಳ ಬೆಲೆ ಹೆಚ್ಚು, ಶಾಲೆಯ ಅಯ್ಯನವರು ಬಡವರು, ಹಾಗಾಗಿ ಶಾಲೆಗಳಲ್ಲಿ ಎಲ್ಲಕ್ಕಿಂತ ಅಪರೂಪವಾದವು ಇವೇ ಎಂದು ಬರೆಯುತ್ತಾನೆ. ಮಕ್ಕಳು ಕಾವ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಕಾವ್ಯದ ಭಾಷೆ ಬೇರೆ, ಆಡುವ ಭಾಷೆ ಬೇರೆ, ಅರ್ಥ ಬಿಡಿಸಿ ಹೇಳಬಲ್ಲ ಮೇಷ್ಟ್ರು ಬೆರಳೆಣಿಕೆಯವರು ಎನ್ನುತ್ತಾನೆ. ಗಿಳಿಪಾಠ ಎಂದು ನಾವು ಹೇಳುವುದನ್ನೇ ಅವನೂ ಗಿಳಿಯ ಹೆಸರೆತ್ತಿ ಹೇಳುತ್ತಾನೆ.

ಮೇಷ್ಟ್ರು ಬಡವರಾದದ್ದು ಹೇಗೆ? ಅದಕ್ಕೂ ಅದೇ ಕಾಗದದಲ್ಲಿ ಉತ್ತರವಿದೆ. ಹಿಂದೆ ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಈಗ ಶಾಲೆಯಿಲ್ಲ, ನಾಡೇ ಬಡವಾಗುತ್ತಿದೆ, ಇಲ್ಲಿಯ ಹತ್ತಿಬಟ್ಟೆಯ ಜಾಗಕ್ಕೆ ನಮ್ಮ ಯುರೋಪಿನ ಬಟ್ಟೆ ಬಂದು ನೇಯುವವರ ಗಳಿಕೆ ಕುಸಿದಿದೆ ಎಂದು ಕಂಪನಿಯ ಅಧಿಕಾರಿಯೇ ಕಂಪನಿಯ ಕಾಗದದಲ್ಲಿ ಬರೆದುಕೊಂಡಿದ್ದಾನೆ. ಎರೆಭೂಮಿಯ ಹತ್ತಿಯ ಸೀಮೆಯಲ್ಲಿ ಮಗ್ಗ ನಿಂತಿತು, ಮಗ್ಗದ ಮನೆಯಿಂದ ಅಯ್ಯನವರಿಗೆ ಬರುತ್ತಿದ್ದ ಕಾಸು ನಿಂತಿತು, ಕೇಶಿರಾಜನ ಪ್ರತಿ ಶಾಲೆಗೆ ಬರಲಿಲ್ಲ. ವ್ಯಾಕರಣದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬಟ್ಟೆಯ ಚರಿತ್ರೆ ಓದುವುದಿಲ್ಲ. ಬಳ್ಳಾರಿಯಲ್ಲಿ ಎರಡೂ ಒಂದೇ ಹಾಳೆಯಲ್ಲಿವೆ.

ವ್ಯಾಕರಣಕಾರ ಕಲೆಕ್ಟರ್

ಜಿಲ್ಲೆಯ ಕಂದಾಯ ನೋಡುವ ಅಧಿಕಾರಿಗೆ ಶಾಲೆಯಲ್ಲಿ ವ್ಯಾಕರಣ ಪುಸ್ತಕ ಇದೆಯೋ ಇಲ್ಲವೋ ಎಂಬ ಚಿಂತೆ ಯಾಕೆ ಬಂತು ಎಂದು ಕೇಳಿಕೊಂಡಾಗ ಹುಡುಕಾಟ ಮದರಾಸಿನ ಕಡೆ ತಿರುಗುತ್ತದೆ. ಈ ಕ್ಯಾಂಪ್‌ಬೆಲ್ ಸ್ವತಃ ವ್ಯಾಕರಣಕಾರ. ಬಳ್ಳಾರಿಗೆ ಬರುವ ಮೊದಲು ಅವನು ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಆಡಳಿತ ಮಂಡಳಿಗೆ ಕಾರ್ಯದರ್ಶಿಯಾಗಿದ್ದವನು. ಇಂಗ್ಲೆಂಡಿನಿಂದ ಬಂದ ಎಳೆಯ ಅಧಿಕಾರಿಗಳಿಗೆ ತಮಿಳು, ತೆಲುಗು, ಕನ್ನಡ ಕಲಿಸಲು ಫ್ರಾನ್ಸಿಸ್ ವೈಟ್ ಎಲ್ಲಿಸ್ 1812ರಲ್ಲಿ ಕಟ್ಟಿದ ಸಂಸ್ಥೆ ಅದು. 1816ರಲ್ಲಿ ಆ ಕಾಲೇಜಿನ ಅಚ್ಚುಕೂಟದಿಂದ ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣ ಹೊರಬಂತು. ಅದರ ಪೀಠಿಕೆಗೆ ಎಲ್ಲಿಸ್ ಒಂದು ಟಿಪ್ಪಣಿ ಬರೆದ. ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಸಾಲುಸಾಲಾಗಿ ಪಕ್ಕಪಕ್ಕ ಇಟ್ಟು, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಒಂದೇ ಬೇರಿನ ಬೇರೆ ಕುಟುಂಬದವು ಎಂದು ತೋರಿಸಿದ. ಕಾಲ್ಡ್‌ವೆಲ್‌ನ ದ್ರಾವಿಡ ತೌಲನಿಕ ವ್ಯಾಕರಣ ಬಂದದ್ದು 1856ರಲ್ಲಿ. ಅದಕ್ಕಿಂತ ನಾಲ್ಕು ದಶಕ ಮೊದಲೇ ಈ ಮಾತು ಅಚ್ಚಾಗಿತ್ತು. ಧಾತುಪಾಠ ಎಂಬ ಭಾರತೀಯ ವ್ಯಾಕರಣದ ಉಪಕರಣ ಕೈಯಲ್ಲಿಲ್ಲದಿದ್ದರೆ ಎಲ್ಲಿಸ್‌ಗೆ ಆ ಪಟ್ಟಿ ಮಾಡಲು ಆಗುತ್ತಿರಲಿಲ್ಲ. ಅದನ್ನು ಅವನ ಕೈಗಿತ್ತವರು ಕಾಲೇಜಿನ ಪಂಡಿತರು.

ಇದೇ ಹೊತ್ತಿನಲ್ಲಿ ಕನ್ನಡಕ್ಕೂ ಇಂಗ್ಲಿಷಿನಲ್ಲಿ ವ್ಯಾಕರಣಗಳು ಬಂದವು. 1817ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ವಿಲಿಯಂ ಕೇರಿಯದು, 1820ರಲ್ಲಿ ಮದರಾಸಿನಲ್ಲಿ ಜಾನ್ ಮೆಕೆರೆಲ್‌ನದು. ಬಳ್ಳಾರಿಯಲ್ಲೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ನೆಲೆಸಿ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿದ್ದ. ಅವನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಪ್ರಕಟಿಸಿದ. ಈ ಪುಸ್ತಕಗಳೆಲ್ಲ ಯಾರಿಗಾಗಿ? ಕನ್ನಡ ಕಲಿಯಬೇಕಾದ ಇಂಗ್ಲಿಷರಿಗಾಗಿ. ವಿಭಕ್ತಿ, ಲಿಂಗ, ವಚನ, ಕಾಲ, ಸಮಾಸಗಳಿಗೆ ಇಂಗ್ಲಿಷಿನ ಯಾವ ಹೆಸರು ಹೊಂದುತ್ತದೆ ಎಂಬ ಹೊಂದಾಣಿಕೆ ನಡೆದದ್ದು ಅವರ ಮೇಜಿನ ಮೇಲೆ. ನಮ್ಮ ಮಕ್ಕಳ ನೋಟ್‌ಬುಕ್ಕಿನ ಎರಡು ಕಾಲಂ ಮೊದಲು ಬರೆದದ್ದು ಎಡಬಲ ಅದಲುಬದಲಾಗಿ: ಗೊತ್ತಿಲ್ಲದ ಕಡೆ ಕನ್ನಡ, ಗೊತ್ತಿದ್ದ ಕಡೆ ಇಂಗ್ಲಿಷ್.

ಈ ಹಿನ್ನೆಲೆಯಲ್ಲಿ 1823ರ ಕಾಗದವನ್ನು ಮತ್ತೆ ಓದಿದರೆ ಕ್ಯಾಂಪ್‌ಬೆಲ್ಲನ ದೂರಿನ ತೂಕ ತಿಳಿಯುತ್ತದೆ. ಅಧಿಕಾರಿಯಾಗಿ ಅವನಿಗೆ ಪಂಡಿತರಿದ್ದರು, ಪ್ರತಿಗಳಿದ್ದವು, ಅಚ್ಚುಕೂಟವಿತ್ತು. ಅದೇ ಭಾಷೆಗಳನ್ನು ತೊಟ್ಟಿಲಿನಿಂದ ಆಡುವ ಮಕ್ಕಳ ಶಾಲೆಯಲ್ಲಿ ಆ ಪುಸ್ತಕ ಇರಲಿಲ್ಲ. ವ್ಯತ್ಯಾಸ ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಪರೂಪದ ಪುಸ್ತಕ ಅಗ್ಗವಾದದ್ದು

ಮುಂದಿನ ಕೊಂಡಿ ಮಂಗಳೂರಿನದು. ಅದಕ್ಕೆ ಮೊದಲೇ, 1838ರಲ್ಲಿ, ಮದರಾಸಿನ ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ ಬಂದು, ಆಡುಗನ್ನಡಕ್ಕೆ ಹತ್ತಿರದ ವ್ಯಾಕರಣವೊಂದು ಕನ್ನಡದಲ್ಲೇ ಅಚ್ಚಾಯಿತು. 1872ರಲ್ಲಿ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ಶಬ್ದಮಣಿದರ್ಪಣವನ್ನು ಹಳೆಯ ವ್ಯಾಖ್ಯಾನದೊಂದಿಗೆ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಕ್ಯಾಂಪ್‌ಬೆಲ್ ಕೊರಗಿದ 49 ವರ್ಷದ ಮೇಲೆ ಆ ಕೊರಗಿಗೆ ಪರಿಹಾರ ಬಂತು. 1875ರಲ್ಲಿ ನಾಗವರ್ಮನ ಛಂದೋಂಬುಧಿ, 1894ರಲ್ಲಿ ಮಹಾನಿಘಂಟು, 1903ರಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಇಂಗ್ಲಿಷ್ ವ್ಯಾಕರಣ. ಕೇಶಿರಾಜನ ಪರಿಭಾಷೆ ಮತ್ತು ಯುರೋಪಿನ ಪರಿಭಾಷೆ ಒಂದೇ ಪುಟದಲ್ಲಿ ಗಟ್ಟಿಯಾಗಿ ಕೂತದ್ದು ಈ ಕೊನೆಯ ಪುಸ್ತಕದಲ್ಲಿ.

ಎರಡು ಕಾಲಂಗಳಿಗೂ ಎರಡು ಬೇರೆ ವಂಶಾವಳಿ ಇವೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಇಂಗ್ಲಿಷಿನ ಎಂಟು ಪದವರ್ಗಗಳ ಲೆಕ್ಕ ಅಲೆಗ್ಸಾಂಡ್ರಿಯಾದ ಗ್ರೀಕ್ ವೈಯಾಕರಣ ಡಯೊನಿಸಿಯಸ್ ಥ್ರಾಕ್ಸ್‌ನ ಹೆಸರಿನಲ್ಲಿ ಬಂದ ಕೈಪಿಡಿಯಿಂದ ಲ್ಯಾಟಿನ್‌ಗೆ, ಅಲ್ಲಿಂದ ಇಂಗ್ಲಿಷ್ ಶಾಲಾವ್ಯಾಕರಣಗಳಿಗೆ ನಡೆದು ಬಂದದ್ದು. ನಮ್ಮ ಕಡೆ ಯಾಸ್ಕನ ನಿರುಕ್ತದಲ್ಲಿ ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂಬ ನಾಲ್ಕು ವರ್ಗ. ಕೇಶಿರಾಜ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂದು ಎಂಟು ಪ್ರಕರಣ ಮಾಡಿದ. ಅಲ್ಲೂ ಎಂಟು, ಇಲ್ಲೂ ಎಂಟು; ಆದರೆ ಎಣಿಸಿದ ವಸ್ತು ಒಂದೇ ಅಲ್ಲ. ಇಂಗ್ಲಿಷಿನ ಅಡ್ವರ್ಬ್, ಕಂಜಂಕ್ಷನ್, ಇಂಟರ್‌ಜೆಕ್ಷನ್ ಮೂರೂ ನಮ್ಮಲ್ಲಿ ಅವ್ಯಯ ಎಂಬ ಒಂದೇ ಮನೆಯ ಮಕ್ಕಳು. ಪ್ರಿಪೊಸಿಷನ್ ಎದುರು ಬರೆದ ಉಪಸರ್ಗವಾದರೂ ಸಂಸ್ಕೃತದಲ್ಲಿ ಧಾತುವಿನ ಮೊದಲು ನಿಲ್ಲುವಂಥದು. ಇಂಗ್ಲಿಷಿನ ಪ್ರಿಪೊಸಿಷನ್ ನಿಲ್ಲುವುದು ನಾಮಪದದ ಮೊದಲು. ಕನ್ನಡದಲ್ಲಿ ಆ ಕೆಲಸ ಮಾಡುವವು ನಾಮಪದದ ಬಾಲಕ್ಕೆ ಅಂಟುವ ವಿಭಕ್ತಿಗಳು. ಸಿರುಗುಪ್ಪಕ್ಕೆ, ಸಿರುಗುಪ್ಪದಾಗ, ಸಿರುಗುಪ್ಪದಿಂದ ಎಂದು ಆಡುವ ಹುಡುಗನಿಗೆ ಟು, ಇನ್, ಫ್ರಂ ಮೂರೂ ಗೊತ್ತು. ಅವನ್ನು ಪದದ ಕೊನೆಯಿಂದ ಮೊದಲಿಗೆ ತರುವುದಷ್ಟೇ ಕಲಿಯಬೇಕಾದದ್ದು. ಉಪಸರ್ಗ ಎಂಬ ಹೆಸರು ಅವನಿಗೆ ಇದನ್ನು ಹೇಳುವುದಿಲ್ಲ.

ಆರ್ಟಿಕಲ್ ಕನ್ನಡದಲ್ಲಿ ಇಲ್ಲವೇ ಇಲ್ಲ ಎಂದು ಕೈಬಿಡುವುದೂ ಹಾಗೆಯೇ. ‘ಚೀಲ ತಂದ’ ಎಂದರೆ ಯಾವುದೋ ಒಂದು ಚೀಲ. ‘ಚೀಲಾನ ತಂದ’ ಎಂದರೆ ಹೇಳುವವನಿಗೂ ಕೇಳುವವನಿಗೂ ಗೊತ್ತಿರುವ ಚೀಲ. ಅ ಮತ್ತು ದಿ ನಡುವಿನ ಗೆರೆಯನ್ನು ಆ ಹುಡುಗ ದ್ವಿತೀಯಾ ವಿಭಕ್ತಿಯಲ್ಲಿ ದಿನಾ ಎಳೆಯುತ್ತಿದ್ದಾನೆ. ಪ್ಯಾಸಿವ್ ವಾಯ್ಸ್‌ಗೆ ಕರ್ಮಣಿ ಪ್ರಯೋಗ ಎಂದು ಬರೆದುಕೊಂಡು ‘ಕಾಲುವೆಗೆ ನೀರು ಬಿಡಲ್ಪಟ್ಟಿತು’ ಎಂಬ ಉದಾಹರಣೆ ಉರು ಹೊಡೆಯುತ್ತಾನೆ. ತುಂಗಭದ್ರೆಯ ಕಾಲುವೆ ದಂಡೆಯಲ್ಲಿ ಹಾಗೆ ಯಾರೂ ಹೇಳಿದ್ದಿಲ್ಲ. ‘ಕಾಲುವಿಗೆ ನೀರು ಬಿಟ್ಟಾರ’ ಎನ್ನುತ್ತಾರೆ. ಬಿಟ್ಟವರು ಯಾರೆಂದು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಇಂಗ್ಲಿಷಿನ ಪ್ಯಾಸಿವ್‌ಗೆ ಇರುವ ಮುಖ್ಯ ಉದ್ದೇಶವೇ ಅದು. ‘ಬಿಡಲ್ಪಟ್ಟಿತು’ ಎಂಬುದರಿಂದ ಅಲ್ಲ, ‘ಬಿಟ್ಟಾರ’ ಎಂಬುದರಿಂದ ಪಾಠ ಶುರುವಾದರೆ ದಾರಿ ಅರ್ಧ ಸವೆದಂತೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದು, ಹೆಸರುಪದ, ಎಸಕಪದ ಎಂದು ಹೊಸ ಹೆಸರುಗಳನ್ನೂ ಕೊಟ್ಟರು. ಹೊಸ ಹೆಸರು ನಿಲ್ಲುತ್ತವೆಯೋ ಇಲ್ಲವೋ, ಆಡುಮಾತಿನ ರಚನೆಯಿಂದ ಹೊರಡಬೇಕೆಂಬ ಅವರ ವಾದ ಇಂಗ್ಲಿಷ್ ತರಗತಿಗೂ ಅಷ್ಟೇ ಒಪ್ಪುತ್ತದೆ.

ಎರಡನೆಯ ಪುಟ: ಹಂಪಿ ಮತ್ತು ಬಳ್ಳಾರಿ ರಂಗ

ಸಾಹಿತ್ಯದ ಪರಿಭಾಷೆಯ ದಾರಿ ಇದಕ್ಕಿಂತ ಬೇರೆ. ಉಪಮೆ, ರೂಪಕಗಳು ಕವಿರಾಜಮಾರ್ಗದ ಕಾಲದಿಂದ, ಅಂದರೆ 9ನೇ ಶತಮಾನದಿಂದ ಕನ್ನಡದಲ್ಲಿವೆ; ಅವನ್ನು ಯಾರೂ ಹೊಸದಾಗಿ ತರಬೇಕಿರಲಿಲ್ಲ. ಬ್ಲ್ಯಾಂಕ್ ವರ್ಸ್‌ಗೆ ಹೆಸರು ಬೇಕಾದಾಗ ನವೋದಯದ ಕವಿಗಳು ಲಲಿತ ರಗಳೆಯ ಪ್ರಾಸ ಕಳಚಿ ಸರಳ ರಗಳೆ ಎಂದರು. ರಗಳೆಯನ್ನು ದೊಡ್ಡ ಕಾವ್ಯರೂಪವಾಗಿ ಬೆಳೆಸಿದವನು ಹಂಪಿಯ ಹರಿಹರ. ಷಟ್ಪದಿಗೆ ಆ ಸ್ಥಾನ ತಂದವನು ಅವನ ಸೋದರಳಿಯ ರಾಘವಾಂಕ. ಕ್ಯಾಂಪ್‌ಬೆಲ್ಲನ ಕಾಲದಲ್ಲಿ ಹಂಪಿ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. 1823ರಲ್ಲಿ ಈ ಇಬ್ಬರ ಕಾವ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದ ಮಕ್ಕಳ ಮರಿಮಕ್ಕಳಿಗೆ ಮಿಲ್ಟನ್ನನ ಛಂದಸ್ಸನ್ನು ವಿವರಿಸಲು ಹರಿಹರನ ರಗಳೆಯೇ ಬೇಕಾಯಿತು. ಕುವೆಂಪು ಅವರ ಶ್ರೀ ರಾಮಾಯಣ ದರ್ಶನಂ ಬಂದ ಮೇಲೆ ಮಿಲ್ಟನ್, ಹೋಮರ್‌ರ ಉದ್ದನೆಯ ಹೋಲಿಕೆಗಳಿಗೆ ಮಹೋಪಮೆ ಎಂಬ ಹೆಸರೂ ತರಗತಿಗೆ ಬಂತು.

ಟ್ರ್ಯಾಜಿಡಿಯ ಕಥೆ ಬಳ್ಳಾರಿ ಪಟ್ಟಣದ್ದೇ. ಲಂಡನ್ ಮಿಷನ್ನಿನವರು 1846ರಲ್ಲಿ ಸ್ಥಾಪಿಸಿದ ವಾರ್ಡ್ಲಾ ಶಾಲೆ ಇಲ್ಲಿ ಇಂಗ್ಲಿಷ್ ಓದಿದ ಒಂದು ತಲೆಮಾರನ್ನು ಬೆಳೆಸಿತ್ತು. 19ನೇ ಶತಮಾನದ ಕೊನೆಗೆ ಬಳ್ಳಾರಿಯ ವಕೀಲರಿಬ್ಬರು ನಾಟಕದ ಹುಚ್ಚು ಹಿಡಿಸಿಕೊಂಡರು. ಒಬ್ಬರು ಧರ್ಮವರಂ ರಾಮಕೃಷ್ಣಮಾಚಾರ್ಯರು, ಸರಸ ವಿನೋದಿನಿ ಸಭೆ ಕಟ್ಟಿದವರು. ಇನ್ನೊಬ್ಬರು ಕೋಲಾಚಲಂ ಶ್ರೀನಿವಾಸರಾಯರು, ಸುಮನೋರಮ ಸಭೆಯವರು. ನಾಟಕ ಮಂಗಳದಲ್ಲೇ ಮುಗಿಯಬೇಕು, ಸಾವು ರಂಗದ ಮೇಲೆ ಬರಕೂಡದು ಎಂಬುದು ಸಂಸ್ಕೃತ ನಾಟ್ಯದ ಕಟ್ಟಳೆ. ಮಲತಾಯಿಯ ಸುಳ್ಳು ದೂರಿಗೆ ಮಗನ ಕೈಕಾಲು ಕಡಿಸುವ ರಾಜನ ಕಥೆಯನ್ನು ಧರ್ಮವರಂ ಅವರು ದುಃಖದಲ್ಲೇ ನಿಲ್ಲಿಸಿ ‘ವಿಷಾದ ಸಾರಂಗಧರ’ ಎಂದು ಕರೆದರು. ತೆಲುಗು ರಂಗಭೂಮಿಯ ಮೊದಲ ಟ್ರ್ಯಾಜಿಡಿ ಎಂದು ಅದಕ್ಕೆ ಹೆಸರು. ಕೋಲಾಚಲಂ ಅವರು ಲೋಕದ ನಾಟಕ ಚರಿತ್ರೆಯನ್ನೇ ಇಂಗ್ಲಿಷಿನಲ್ಲಿ ಬರೆದರು. ಗ್ರೀಕರು, ರೋಮನರು, ಇಂಗ್ಲಿಷರು, ಸಂಸ್ಕೃತದವರು ಎಲ್ಲರನ್ನೂ ಒಂದೇ ಪುಸ್ತಕದಲ್ಲಿ ಎದುರುಬದುರು ಕೂರಿಸುವ ಸಾಹಸ 20ನೇ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯಿಂದ ನಡೆಯಿತು.

ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವ ಶೇಕ್ಸ್‌ಪಿಯರ್ ಕ್ಲಬ್ ಕಟ್ಟಿ ಒಥೆಲೊ, ಶೈಲಾಕ್ ಪಾತ್ರಗಳನ್ನು ಆಡಿದವರು. ಅವರ ಹೆಸರಿನ ರಂಗಮಂದಿರ ಇವತ್ತಿಗೂ ಊರಿನಲ್ಲಿದೆ. ಇತ್ತ ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಗೀತಗಳನ್ನು ಕನ್ನಡಕ್ಕೆ ತಂದು, 1929ರಲ್ಲಿ ‘ಅಶ್ವತ್ಥಾಮನ್’ ಬರೆದು, ರುದ್ರನಾಟಕವನ್ನು ಕನ್ನಡದಲ್ಲಿ ಸ್ಥಿರಪಡಿಸಿದರು. ಇಂದಿನ ಪಟ್ಟಿಯಲ್ಲಿ ಉಳಿದದ್ದು ಮೈಸೂರಿನ ಹೆಸರು. ವಿಷಾದಾಂತ ಎಂಬುದು ತೆಲುಗಿನ ಕಡೆ ಹೋಯಿತು. ಅದಕ್ಕೊಂದು ಆಡಳಿತದ ಕಾರಣವೂ ಇದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದರಾಸಿನಲ್ಲಿತ್ತು. ಆ ದಿನ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು; ಸಿರುಗುಪ್ಪ ಸೇರಿ ಉಳಿದದ್ದು ಮೈಸೂರಿಗೆ ಬಂತು. ಪಠ್ಯಪುಸ್ತಕದ ಊರೂ ಬದಲಾಯಿತು. ಮೈಸೂರು ವಿಶ್ವವಿದ್ಯಾಲಯ 1946ರಲ್ಲಿ ಹೊರತಂದ ಇಂಗ್ಲಿಷ್–ಕನ್ನಡ ನಿಘಂಟಿನ ಪದಗಳು ಬಳ್ಳಾರಿಯ ಮೇಷ್ಟ್ರುಗಳಿಗೆ ಅಧಿಕೃತವಾದವು. ಗಡಿಯಾಚೆಯ ಆದೋನಿಯ ಹುಡುಗ ನೌನ್‌ಗೆ ನಾಮವಾಚಕಮು ಎಂದು ಬರೆದರೆ ಈಚೆಯವನು ನಾಮಪದ ಎನ್ನುತ್ತಾನೆ. ಸರ್ವನಾಮ, ಕ್ರಿಯೆ, ವಿಶೇಷಣ ಇಬ್ಬರಲ್ಲೂ ಬಹುಪಾಲು ಒಂದೇ. ಜಿಲ್ಲೆ ಒಡೆದರೂ ಪರಿಭಾಷೆ ಒಡೆಯಲಿಲ್ಲ.

ಏನು ಉಳಿಯಿತು

ದಾಖಲೆಗಳು ಒಟ್ಟಾಗಿ ಹೇಳುವುದು ಇಷ್ಟು. ಇಂಗ್ಲಿಷ್ ವಿದ್ಯಾರ್ಥಿಗೆ ಬೇಕಾದ ವ್ಯಾಕರಣದ ಅರಿವು ಈ ಸೀಮೆಗೆ ಹೊರಗಿನಿಂದ ಬಂದ ಸರಕಲ್ಲ. ಕೇಶಿರಾಜನ ಹೆಸರು ಹಳ್ಳಿ ಶಾಲೆಗಳ ಪಟ್ಟಿಯಲ್ಲಿತ್ತು, ಹರಿಹರ–ರಾಘವಾಂಕರು ಮಕ್ಕಳ ಬಾಯಲ್ಲಿದ್ದರು. ಇರದೇ ಇದ್ದವು ಎರಡು: ಕೊಳ್ಳಬಹುದಾದ ಪುಸ್ತಕ, ಮತ್ತು ಅರ್ಥ ಬಿಡಿಸುವ ಮೇಷ್ಟ್ರಿಗೆ ಹೊಟ್ಟೆ ತುಂಬುವ ಆದಾಯ. ಹೊರಗಿನಿಂದ ಬಂದವರು ಆ ಎರಡನ್ನೂ ಇಟ್ಟುಕೊಂಡಿದ್ದರು, ಆದ್ದರಿಂದ ನಮ್ಮ ಭಾಷೆಯ ವ್ಯಾಕರಣವನ್ನು ನಮ್ಮ ಮಕ್ಕಳಿಗಿಂತ ಮೊದಲು ಕಲಿತರು. ಅವರು ಕಲಿತ ರೀತಿಯನ್ನೂ ಗಮನಿಸಬೇಕು. ಪಂಡಿತನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ವಾಕ್ಯ ಎತ್ತಿಕೊಂಡು, ತಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನುತ್ತೇವೆ, ಇವರಲ್ಲಿ ಅದೇ ಕೆಲಸ ಯಾವುದು ಮಾಡುತ್ತದೆ ಎಂದು ಕೇಳಿ ಬರೆದುಕೊಂಡರು. ಪರಿಭಾಷೆ ಅವರಿಗೆ ಬಂದದ್ದು ವಾಕ್ಯದ ಜೊತೆಯಲ್ಲಿ. ನಮ್ಮ ಮಕ್ಕಳಿಗೆ ಸಿಕ್ಕಿರುವುದು ವಾಕ್ಯ ಕಳಚಿದ ಪರಿಭಾಷೆ.

ಕ್ಯಾಂಪ್‌ಬೆಲ್ ಕೊಟ್ಟ ಮೊದಲ ಕಾರಣ ಇವತ್ತು ಇಲ್ಲ. ಕಿಟ್ಟೆಲ್ಲರ ಶಬ್ದಮಣಿದರ್ಪಣದ ಸ್ಕ್ಯಾನ್ ಪ್ರತಿಯನ್ನು ಸಿರಿಗೇರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿಗೆ ಇಳಿಸಿಕೊಳ್ಳಬಹುದು, ಕಾಸು ಖರ್ಚಿಲ್ಲ. ಎರಡನೆಯ ಕಾರಣ, ಅಂದರೆ ಅರ್ಥ ಬಿಡಿಸಿ ಹೇಳುವವರ ಕೊರತೆ, ಬೇರೆ ವೇಷದಲ್ಲಿ ಉಳಿದಿದೆ. ಸಿಲಬಸ್ ಮುಗಿಸುವ ಅವಸರದಲ್ಲಿ ಮೇಷ್ಟ್ರಿಗೆ ‘ಬಿಟ್ಟಾರ’ದಿಂದ ಪ್ಯಾಸಿವ್‌ಗೆ, ‘ಚೀಲಾನ’ದಿಂದ ಆರ್ಟಿಕಲ್‌ಗೆ ನಡೆಸಿಕೊಂಡು ಹೋಗಲು ಪುರುಸೊತ್ತಿಲ್ಲ. ಪಟ್ಟಿ ಬರೆಸಿದರೆ ಐದು ನಿಮಿಷದ ಕೆಲಸ, ಪರೀಕ್ಷೆಯಲ್ಲಿ ಒಂದಂಕದ ಪ್ರಶ್ನೆಗೆ ಅದು ಸಾಕೂ ಆಗುತ್ತದೆ. ಹಾಗಾಗಿ ಪಟ್ಟಿಯನ್ನು ತೆಗೆದು ಹಾಕಿ ಎಂದು ಯಾರಿಗೂ ಹೇಳಲಾಗದು. ಪ್ರತಿ ಸಾಲಿನ ಎದುರು ಮೂರನೆಯದೊಂದು ಕಾಲಂ ಎಳೆಸಿ, ಅದರಲ್ಲಿ ಊರಿನ ಬಾಯಿಂದ ಬಂದ ಒಂದು ವಾಕ್ಯವನ್ನು ಮಕ್ಕಳೇ ಹುಡುಕಿ ತುಂಬುವಂತೆ ಮಾಡಬಹುದು. ಮುಂದಿನ ಬೆಂಚಿನವರು ಹಿಂದಿನವರಿಗೆ ಹೇಳಿಕೊಟ್ಟರೆ ಇನ್ನೂ ಒಳ್ಳೆಯದು. ಈ ಜಿಲ್ಲೆಯ ಶಾಲೆಗಳು ಅದಕ್ಕೆ ಹೆಸರಾಗಿದ್ದವು ಎಂಬುದಕ್ಕೆ ಕಲೆಕ್ಟರನ ಸಹಿಯುಳ್ಳ ದಾಖಲೆಯಿದೆ.